ಕೂದಲಿನ ಕಾಕಾನ ಕುಣಿಮಗ್ಗ

ನಿನ್ನೆ ಬೆಳಿಗ್ಗೆ ಗಂಗಾವತಿಯ ನಮ್ಮ ಓಣಿಗೆ ಕೂದಲಿನವನು ಬಂದಿದ್ದ. ಮೋಟರ್ ಸೈಕಲ್ಲಿಗೆ ಕಟ್ಟಿದ ಸಣ್ಣ ಮೈಕಿನೊಳಗಿಂದ, ಮೊದಲೇ ತುಂಬಿಟ್ಟ ಧ್ವನಿ ಒಂದೇ ಸಮನೆ ಕೂಗುತ್ತಿತ್ತು. "ಕೂದಲಾ... ಉದರಿದ ಕೂದಲಾ..." ತಲೆ ಬಾಚಿದಾಗ ಉದುರಿದ್ದನ್ನೆಲ್ಲ ಸುತ್ತಿ ನಾನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಚ್ಚಲುಮನೆಯ ಮೊಳೆಗೆ ನೇತುಹಾಕಿರುತ್ತೇನೆ. ನಮ್ಮವ್ವ ಗೋಡೆಯ ಬಿರುಕಿನಲ್ಲಿ ತುರುಕುತ್ತಿದ್ದಳು, ನಾನು ಚೀಲದಲ್ಲಿ ತುಂಬುತ್ತೇನೆ. ಒಂದು ತಲೆಮಾರಿನಲ್ಲಿ ಆದ ಸುಧಾರಣೆ ಇಷ್ಟೇ. ಚೀಲ ಹಿಡಿದು ಕೆಳಗಿಳಿಯುವಾಗ ಅದರ ಬಾಯಿ ಬಿಚ್ಚಿಕೊಂಡಿತು. ಕೊಬ್ಬರಿ ಎಣ್ಣೆ, ಸೀಗೆಕಾಯಿ, ಸ್ವಲ್ಪ ಮುಗ್ಗಲು... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಅದು ಕಾಕಾನ ಮನೆಯ ವಾಸನೆ.

ಕಾಕಾ ನನಗೆ ರಕ್ತಸಂಬಂಧಿಯಲ್ಲ, ನಾನಿದ್ದ ಮನೆಯ ಮಾಲೀಕರು. ಯಲಬುರ್ಗಾದಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹೊತ್ತುಕೊಂಡು, ಕೊಪ್ಪಳದ ಮಗ್ಗುಲಿನ ಭಾಗ್ಯನಗರಕ್ಕೆ ಶಾಲೆಯ ನೌಕರಿಗೆಂದು ಬಂದಾಗ, ಒಂಟಿ ಹೆಣ್ಣಿಗೆ ಮನೆ ಕೊಡಲು ಎಲ್ಲರೂ ಹಿಂದೆಮುಂದೆ ನೋಡಿದರು. ಕಾಕಾ ಮಾತ್ರ ನನ್ನ ಟ್ರಂಕನ್ನು ತಾವೇ ಎತ್ತಿಕೊಂಡು ಮೇಲಿನ ಖೋಲಿಗೆ ನಡೆದರು. "ಅಕ್ಕೋರ, ಕೆಳಗ ಕೂದಲದ ಕೆಲಸ ನಡಿತೈತಿ. ವಾಸನಿ ಇರ್ತೈತಿ. ಆಮ್ಯಾಲ ನನಗ ಬೈಬ್ಯಾಡ್ರಿ," ಎಂದಿದ್ದರು. ನಾನು ಬೈಯಲಿಲ್ಲ. ಆದರೆ ಮೊದಲ ವಾರ ಸರಿಯಾಗಿ ಉಣ್ಣಲೂ ಇಲ್ಲ.

ಅಂಗಳದ ಶೆಡ್ಡಿನಲ್ಲಿ ಓಣಿಯ ಹೆಂಗಸರು ಸಾಲಾಗಿ ಕೂತು, ಊರೂರಿನಿಂದ ಬಂದ ಕೂದಲಿನ ಉಂಡೆಗಳನ್ನು ಸೂಜಿಯಿಂದ ಬಿಡಿಸುತ್ತಿದ್ದರು. ಬಿಡಿಸಿದ್ದನ್ನು ತೊಳೆದು, ಬಾಚಿ, ಉದ್ದಕ್ಕೆ ತಕ್ಕಂತೆ ಬೇರೆ ಮಾಡಿ ಕಟ್ಟು ಕಟ್ಟಿದರೆ, ಅದು ಯಾವುದೋ ದೇಶಕ್ಕೆ ಹೋಗಿ ಯಾರದೋ ತಲೆಯ ಮೇಲಿನ ವಿಗ್ ಆಗುತ್ತಿತ್ತು. ಕಾಕಾನ ಮಾಲಿಗೆ ಹೆಸರಿತ್ತು. ಮಾಳಿಗೆ ಮನೆ, ಜೀಪು, ಹಬ್ಬಕ್ಕೆ ಕೆಲಸದ ಹೆಂಗಸರಿಗೆಲ್ಲ ಸೀರೆ. ಊರಿನವರು "ಕೂದಲದಾಗ ಬಂಗಾರ ತಗದ ಮನಷ್ಯಾ" ಎನ್ನುತ್ತಿದ್ದರು. ಆ ಮನೆಯಲ್ಲಿ ಊಟಕ್ಕೆ ಕೂತವರು ಮಾತ್ರ, ಎಷ್ಟೇ ಹಸಿವಿರಲಿ, ರೊಟ್ಟಿಯನ್ನು ಒಮ್ಮೆ ತಿರುವಿ ನೋಡಿಯೇ ಮುರಿಯುತ್ತಿದ್ದರು. ಕೆಲವೇ ತಿಂಗಳಲ್ಲಿ ನನಗೂ ಅದೇ ರೂಢಿಯಾಯಿತು. ಈಗಲೂ ಬಿಟ್ಟಿಲ್ಲ, ಮದುವೆ ಮನೆಗಳಲ್ಲಿ ಜನ ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ.

ಪಡಸಾಲೆಯಲ್ಲಿ, ಕೂದಲಿನ ಚೀಲಗಳ ಅಡಿಯಲ್ಲಿ, ಹಲಗೆ ಮುಚ್ಚಿದ ಒಂದು ತಗ್ಗು ಇತ್ತು. ನಡೆದರೆ ಡಬಡಬ ಸದ್ದು. ಹಗೇವು ಇರಬೇಕು, ಜೋಳ ತುಂಬುತ್ತಿದ್ದರೇನೋ ಎಂದು ನಾನು ತಿಳಿದಿದ್ದೆ.

ಒಂದು ವರ್ಷ ನಮ್ಮ ಶಾಲೆಯಲ್ಲಿ, ಬದುಕಿನಲ್ಲಿ ಮೇಲೆ ಬಂದವರನ್ನು ಕರೆಸಿ ಮಕ್ಕಳ ಮುಂದೆ ಮಾತಾಡಿಸುವ ಕಾರ್ಯಕ್ರಮ ಇಟ್ಟುಕೊಂಡೆವು. ಹೆಡ್ ಮಾಸ್ತರರು ನನ್ನ ಕಡೆ ತಿರುಗಿ, "ನಿಮ್ಮ ಮಾಲಕರನ್ನ ಕರೀರಿ ಅಕ್ಕೋರ" ಎಂದರು. ಕಾಕಾ ಒಲ್ಲೆ ಒಲ್ಲೆ ಎನ್ನುತ್ತಲೇ ಬಿಳಿ ಧೋತರ ಉಟ್ಟು ಬಂದರು. ಮಾಸ್ತರರು ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯಿಂದ ಶುರುಮಾಡಿ ಅದರ ಸುತ್ತಲೇ ಬಹಳ ಹೊತ್ತು ಗಿರಕಿ ಹೊಡೆದರು. ಕಾಕಾ ಎದ್ದು ನಿಂತು, "ಛಲೋತ್ನ್ಯಾಗಿ ಸಾಲಿ ಕಲೀರಿ" ಎಂದಷ್ಟೇ ಹೇಳಿ ಕೂತುಬಿಟ್ಟರು. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು.

"ಅಜ್ಜಾರ, ನೀವು ಮೊದಲಿಂದ ಕೂದಲದ ವ್ಯಾಪಾರನ ಮಾಡ್ತಿದ್ರೇನ್ರಿ?"

ಕಾಕಾ ಹೆಗಲ ಮೇಲಿನ ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು.

"ಹೂನವ್ವಾ. ಮೊದಲಿಂದ ಇದ."

ಶಿಕ್ಷಕರೆಲ್ಲ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಸಂಜೆ ಅಡುಗೆಮನೆಯಲ್ಲಿ ಇದನ್ನೆಲ್ಲ ಚಿಗವ್ವನಿಗೆ, ಅಂದರೆ ಕಾಕಾನ ಹೆಂಡತಿಗೆ, ನಗುನಗುತ್ತ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಮೊದಲಿಂದ ಇದ ಅಂದ್ರಾ?" ಎಂದು ಕೇಳಿ, ಮತ್ತೆ ಹಿಟ್ಟು ನಾದತೊಡಗಿದಳು. ನಾದುತ್ತಲೇ, ತಾನಾಗಿಯೇ ಹೇಳಿದಳು.

ಪಡಸಾಲೆಯ ಆ ತಗ್ಗು ಹಗೇವಲ್ಲ, ಮಗ್ಗದ ಕುಣಿ. ನೇಕಾರ ಅದರಲ್ಲಿ ಕಾಲು ಇಳಿಬಿಟ್ಟು, ನೆಲಮಟ್ಟದಲ್ಲಿ ಕೂತು ನೇಯುವುದರಿಂದ ಅದಕ್ಕೆ ಕುಣಿಮಗ್ಗ ಎನ್ನುತ್ತಾರೆ. ಕಾಕಾನ ಅಪ್ಪ ಅಲ್ಲಿ ಕೂತಿದ್ದ, ಅವನ ಅಪ್ಪನೂ. ಕಾಕಾ ತಾವೇ ನೇಯ್ದ ಸೀರೆಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಕುಕನೂರು, ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಿಗೆ ಹೋಗಿ ಮಾರುತ್ತಿದ್ದರು. ಆಮೇಲೆ ಯಂತ್ರದ ಮಗ್ಗದ ಸೀರೆ ಬಂತು. ಅದೇ ದಡಿ, ಅದೇ ಸೆರಗು, ಅರ್ಧ ರೇಟು. ಗಂಟು ಹೋದ ಹಾಗೆಯೇ ಮನೆಗೆ ಬರತೊಡಗಿತು. ಹೆಗಲ ಮೇಲೆ ಮಗಳು, ಒಲೆಯ ಮೇಲೆ ಬರೀ ಎಸರು. ಓಣಿಯಲ್ಲಿ ಒಬ್ಬೊಬ್ಬರೇ ಮಗ್ಗ ಬಿಚ್ಚಿ ಕೂದಲಿಗೆ ಇಳಿದರು, ಕಡೆಗೆ ಕಾಕಾನೂ ಇಳಿದರು. ಅದೇ ಸೈಕಲ್ಲು, ಅದೇ ಹಳ್ಳಿಗಳು. ಸೀರೆಯ ಗಂಟಿದ್ದಲ್ಲಿ ಈಗ ಕೂದಲಿಗೆ ಬದಲಾಗಿ ಕೊಡುವ ಪುಗ್ಗೆ, ಪಿನ್ನು, ಸ್ಟೀಲಿನ ಬಟ್ಟಲು. ಗುರುತು ಹತ್ತಬಾರದೆಂದು ಮುಖಕ್ಕೆ ಟವೆಲ್ ಸುತ್ತಿಕೊಂಡೇ ಕೂಗುತ್ತಿದ್ದರಂತೆ.

ಆದರೂ ಕುಕನೂರಿನಲ್ಲಿ ಒಬ್ಬಾಕೆ ಗುರುತು ಹಿಡಿದುಬಿಟ್ಟಳು. ಕೂದಲು ಕೊಡಲು ಬಂದವಳು ಇವರ ದನಿ ಕೇಳಿ, "ಅಣ್ಣಾ, ನಮ್ಮ ಮನಿಗೆ ಸೀರಿ ತರ್ತಿದ್ದಿ ಅಲ್ಲಾ ನೀನು?" ಎಂದಳು.

"ಅಲ್ಲವ್ವಾ, ಅಂವ ನಮ್ಮಣ್ಣ," ಎಂದರಂತೆ ಕಾಕಾ.

"ಹೌದಾ? ಎಲ್ಲಿ ಅದಾನ ಈಗ?"

"ತೀರಿಕೊಂಡ."

ಆಕೆ ಲೊಚಗುಟ್ಟಿದಳಂತೆ. "ಪಾಪ... ಕೈ ಭಾಳ ಛಲೋ ಇತ್ತು ಅವಂದು."

ಇದನ್ನು ಹೇಳುವಾಗ ಚಿಗವ್ವ ಅಳಲಿಲ್ಲ. "ಮನಿಗೆ ಬಂದು ಇಷ್ಟ ಹೇಳಿ ಊಟ ಮಾಡಿ ಮಕ್ಕೊಂಡ್ರು. ಮತ್ತ ಈ ಮಾತು ಎತ್ತಿಲ್ಲ. ಸತ್ತಾನ ಅಂದವನ್ನ ಹೆಂಗ ಮತ್ತ ಎಬ್ಬಸ್ತಾರ?" ಎಂದಳು. ತಟ್ಟೆಯಲ್ಲಿದ್ದ ರೊಟ್ಟಿ ಆರಿಹೋಯಿತು.

ಆದರೆ ಕಾಕಾನೇ ಎಬ್ಬಿಸಲು ಹೊರಟರು. ಮಗಳ ಮದುವೆ ಗಂಗಾವತಿಯ ಕಡೆ ಗೊತ್ತಾದಾಗ. ನೇಕಾರರ ಮಂದಿಯಲ್ಲಿ ಒಂದು ಪದ್ಧತಿ. ಅಕ್ಕಿಕಾಳು ಬೀಳುವ ಹೊತ್ತಿಗೆ ಮದುಮಗಳ ಮೈಮೇಲೆ ತವರಿನ ಮಗ್ಗದ ಸೀರೆ ಇರಬೇಕು. ಮಗ್ಗಗಳೆಲ್ಲ ಹೋದ ಮೇಲೆ ಆ ಪದ್ಧತಿಯನ್ನು ಯಾರೂ ಕೇಳುತ್ತಿರಲಿಲ್ಲ, ಬೀಗರಂತೂ ಬಾಯಿ ಸಹ ಬಿಟ್ಟಿರಲಿಲ್ಲ. ಆದರೂ ಒಂದು ಮುಂಜಾನೆ ನಾನು ಶಾಲೆಗೆ ಹೊರಟಾಗ ಪಡಸಾಲೆಯ ಚೀಲಗಳೆಲ್ಲ ಅಂಗಳಕ್ಕೆ ಬಂದಿದ್ದವು. ಕಾಕಾ ಕುಣಿಯೊಳಗೆ ಇಳಿದು ಬುಟ್ಟಿಯಲ್ಲಿ ಕಸ ತುಂಬುತ್ತಿದ್ದರು. ತಲೆ ಎತ್ತಿ ನನ್ನನ್ನು ನೋಡಿ ನಕ್ಕರು. ಆ ಮನೆಯಲ್ಲಿದ್ದಷ್ಟು ದಿನ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಅಟ್ಟದ ಮೇಲಿದ್ದ ಮಗ್ಗದ ಕಟ್ಟಿಗೆ ಕೆಳಗಿಳಿಯಿತು. ಕುಷ್ಟಗಿ ಕಡೆಯ ದೋಟಿಹಾಳದಿಂದ ನೆಂಟರೊಬ್ಬರು ಹಾಸಿನ ನೂಲು, ಅಂದರೆ ಉದ್ದದ ಎಳೆಗಳನ್ನು, ತಂದು ಮಗ್ಗಕ್ಕೆ ಹೂಡಿಕೊಟ್ಟು ಹೋದರು. ಮಾವಿನ ಚಿಗುರಿನ ಬಣ್ಣದ ಒಡಲು, ಕೆಂಪು ದಡಿ. ಲಾಳಿಯ ಸದ್ದು ಮೇಲಿನ ನನ್ನ ಖೋಲಿಗೆ ಕೇಳಿಸುತ್ತಿತ್ತು. ಮೊದಮೊದಲು ತಡವರಿಸಿಕೊಂಡು, ಆಮೇಲೆ ಒಂದೇ ಲಯದಲ್ಲಿ. ಶೆಡ್ಡಿನ ಹೆಂಗಸರು ಬಾಗಿಲಲ್ಲಿ ಬಂದು ನಿಂತು, "ಮಾಲಕರು ಹುಡುಗ ಆಗ್ಯಾರ ನೋಡ್ರಿ" ಎಂದು ಚೇಷ್ಟೆ ಮಾಡುತ್ತಿದ್ದರು.

ಮೊಳದಷ್ಟು ನೇಯ್ದಿದ್ದರೇನೋ... ಒಂದು ಮಧ್ಯಾಹ್ನ ಲಾಳಿ ನಿಂತಿತು. ನಾನು ಕೆಳಗೆ ಬಂದಾಗ ಕಾಕಾ ಕನ್ನಡಕ ಹಾಕಿಕೊಂಡು ಬಟ್ಟೆಯ ಮೇಲೆ ಬಾಗಿದ್ದರು. ನೂಲಿನ ನಡುವೆ ಒಂದು ಕೂದಲು ಸೇರಿಕೊಂಡಿತ್ತು. ಕಪ್ಪಗೆ, ನೀಟಾಗಿ, ನೇಯ್ಗೆಯ ಒಂದು ಎಳೆಯಂತೆಯೇ. ಮದುವೆ ಸೀರೆಯಲ್ಲಿ ಕೂದಲು ಬಂದರೆ ಬಾಳು ಸಿಕ್ಕಾಗುತ್ತದೆ ಎಂಬುದು ಅವರ ಹಿರಿಯರ ಮಾತು. ಎಳೆದು ತೆಗೆದರೆ ನೇಯ್ಗೆಯಲ್ಲಿ ಸಂದು ಉಳಿಯುತ್ತದೆಂದು, ಕಾಕಾ ಅಲ್ಲಿಯತನಕ ನೇಯ್ದದ್ದನ್ನು ಬಿಚ್ಚಿ ಮತ್ತೆ ನೇಯ್ದರು. ಮತ್ತೊಂದು ಬಂತು. ಅದನ್ನೂ ಬಿಚ್ಚಿದರು.

ಶೆಡ್ಡಿನ ಕೆಲಸವನ್ನೇ ನಿಲ್ಲಿಸಿದರು. ನಾನು, ಚಿಗವ್ವ, ಮಗಳು ಸೇರಿ ಮನೆಯ ಜಂತಿ ಜಾಡಿಸಿದೆವು, ಗೋಡೆ ಸಾರಿಸಿದೆವು, ನೆಲಕ್ಕೆ ನೀರು ಚಿಮುಕಿಸಿದೆವು. ಕಿಟಕಿ ಮುಚ್ಚಿ, ಫ್ಯಾನು ಬಂದ್ ಮಾಡಿ, ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕಾಕಾ ಆ ಸೆಖೆಯಲ್ಲಿ ಕೂತು ನೇಯ್ದರು. ಬೆವರು ಬಟ್ಟೆಯ ಮೇಲೆ ಬೀಳದಂತೆ ಮಗಳು ಪಕ್ಕದಲ್ಲಿ ಕೂತು ಒರೆಸುತ್ತಿದ್ದಳು. ಆದರೂ ಬಂತು. ಎಲ್ಲಿಂದ ಬರುತ್ತಿತ್ತೋ ದೇವರಿಗೇ ಗೊತ್ತು. ಬಾಗಿಲ ಸಂದಿಯಿಂದ, ಅವರ ಅಂಗಿಯಿಂದ, ಹೊದಿಕೆಯಿಂದ... ಯಾವ ಊರಿನ ಯಾವ ಹೆಂಗಸಿನದೋ. ಇಷ್ಟು ವರ್ಷ ಆ ಮನೆಗೆ ಅನ್ನ ಹಾಕಿದ್ದೇ ಆ ಕೂದಲು, ಅದನ್ನು ಹೊರಗೆ ಹೋಗು ಎಂದು ಯಾವ ಬಾಯಿಂದ ಹೇಳುವುದು?

"ದೋಟಿಹಾಳಕ್ಕ ಹೋಗಿ ಅವರ ಮಗ್ಗದಾಗ ನೇಯ್ದು ತರ್ರಲಾ," ಎಂದಳು ಚಿಗವ್ವ.

"ಅವರ ಮನ್ಯಾಗ ನೇಯ್ದಿದ್ದು ನನ್ನ ಮನಿ ಸೀರಿ ಹೆಂಗ ಆಗ್ತೈತಿ?" ಎಂದು ಕಾಕಾ ಸಿಡುಕಿದರು. ಹಟಮಾರಿ ಮನುಷ್ಯ. ನನಗೂ ಸಿಟ್ಟು ಬಂದಿತ್ತು.

ಮಗಳು ಮಗ್ಗದ ಪಕ್ಕ ಕೂತು, "ಇರ್ಲಿ ಬಿಡಪ್ಪಾ. ನಾ ಹಂಗ ಉಟ್ಕೋತೀನಿ. ಯಾರಿಗೆ ಕಾಣತೈತಿ?" ಎಂದಳು.

"ನನಗ ಕಾಣತೈತೆವ್ವಾ," ಎಂದರು ಕಾಕಾ.

ಮದುವೆ ಹತ್ತಿರ ಬಂದಿತ್ತು. ಒಂದು ಸಂಜೆ ನಾನು ಶಾಲೆಯಿಂದ ಬರುವಾಗ ಕಾಕಾ ಕುಣಿಯಲ್ಲೇ ಕೂತಿದ್ದರು. ಕೈಯಲ್ಲಿ ಲಾಳಿಯ ಬದಲು ಕತ್ತರಿ. ನಾನು "ಕಾಕಾ..." ಎಂದೆ. ಅವರು ನನ್ನ ಕಡೆ ನೋಡಿದರು, ಏನಾದರೂ ಉಪಾಯ ಹೇಳುತ್ತಾಳೇನೋ ಎಂಬಂತೆ. ನಾನು ಮಕ್ಕಳಿಗೆ ಲೆಕ್ಕ ಕಲಿಸುವವಳು, ನನ್ನ ಹತ್ತಿರ ಏನಿತ್ತು? ಬಾಗಿಲು ಹಿಡಿದು ನಿಂತೆ, ಅಷ್ಟೇ. ಅವರು ಹಾಸನ್ನು ಒಂದು ಕಡೆಯಿಂದ ಕತ್ತರಿಸಿದರು. ಬಿಗಿಯಾಗಿದ್ದ ನೂಲು ಪಟಪಟನೆ ಸಡಿಲಾಗಿ ಕುಣಿಯೊಳಗೆ ಇಳಿಬಿತ್ತು. ಮರುದಿನ ಹಲಗೆ ಮುಚ್ಚಿದರು, ಚೀಲಗಳು ಒಳಗೆ ಬಂದವು.

ಮದುವೆಯಲ್ಲಿ ಮಗಳು ಗಂಗಾವತಿಯ ಅಂಗಡಿಯ ರೇಷ್ಮೆ ಸೀರೆ ಉಟ್ಟಿದ್ದಳು. ಬೀಗರ ಹೆಂಗಸರು ಸೆರಗು ಮುಟ್ಟಿ ನೋಡಿ, "ಭಾಳ ಛಲೋ ಐತ್ರಿ, ಎಲ್ಲಿ ತಂದ್ರಿ?" ಎಂದರು. ಕಾಕಾ ಅಂಗಡಿಯ ಹೆಸರು ಹೇಳಿದರು, ಅದು ಬಸ್ ಸ್ಟ್ಯಾಂಡಿನಿಂದ ಎಷ್ಟು ದೂರ ಎಂಬುದನ್ನೂ ಬಿಡಿಸಿ ಹೇಳಿದರು. ನಾನು ಅಲ್ಲಿ ನಿಲ್ಲಲಾರದೆ ಕೈ ತೊಳೆಯುವ ನೆಪ ಮಾಡಿ ಹೊರಗೆ ಹೋದೆ.

ಆಮೇಲೆ ನನಗೆ ವರ್ಗವಾಯಿತು, ಮದುವೆಯಾಯಿತು, ಗಂಗಾವತಿಗೆ ಬಂದೆ. ಭಾಗ್ಯನಗರಕ್ಕೆ ಹೋಗುವುದು ಹಬ್ಬಕ್ಕೊಮ್ಮೆ ಎಂದಿದ್ದದ್ದು ಸಾವು ನೋವಿಗೊಮ್ಮೆ ಎಂದಾಯಿತು. ಕಾಕಾ ಹೋದ ಸುದ್ದಿ ಬಂದಾಗ ಓಡಿದೆ. ಓಣಿಯ ಬಾಯಿಗೆ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಯಶಸ್ವಿ ಉದ್ಯಮಿ, ಕೊಡುಗೈ ದಾನಿ, ನೂರಾರು ಮಹಿಳೆಯರ ಅನ್ನದಾತ... ಎಲ್ಲವೂ ನಿಜವೇ. ನೇಕಾರ ಎಂಬ ಮಾತನ್ನು ಹುಡುಕುತ್ತ ಅಲ್ಲಿ ಬಿಸಿಲಿಗೆ ನಿಂತೆ. ಇರಲಿಲ್ಲ. ಆ ನೇಕಾರ ಕುಕನೂರಿನ ಯಾವುದೋ ಮನೆಯ ಮುಂದೆ ಎಂದೋ ಸತ್ತಿದ್ದ, ಅವನಿಗಾಗಿ ಮರುಗಿದವಳು ಆ ಮನೆಯ ಹೆಂಗಸೊಬ್ಬಳೇ. ಆಗ ನನಗೆ ಅಳು ತಡೆಯಲಾಗಲಿಲ್ಲ.

ಕತ್ತರಿಸಿದ ಆ ಬಟ್ಟೆಯನ್ನು ಮಗಳು ಅಪ್ಪನಿಗೆ ಕಾಣದಂತೆ ಎತ್ತಿಟ್ಟುಕೊಂಡು ಗಂಡನ ಮನೆಗೆ ಒಯ್ದಿದ್ದಳು. ಅದರಲ್ಲಿ ಗೇಣಗಲದ ಒಂದು ತುಂಡು ನನಗೂ ಕೊಟ್ಟಿದ್ದಳು. ಅದು ನನ್ನ ಕಪಾಟಿನಲ್ಲಿದೆ. ಬೆಳಕಿಗೆ ಹಿಡಿದರೆ ಕಡೆಯ ಸಲ ಸೇರಿದ ಆ ಕೂದಲು ಈಗಲೂ ಕಾಣುತ್ತದೆ. ಮಾವಿನ ಚಿಗುರಿನ ಬಣ್ಣ ಮಾಸಿದೆ, ಅದೊಂದು ಮಾತ್ರ ಕಪ್ಪಗೇ ಇದೆ.

ನಿನ್ನೆ ಕೆಳಗಿಳಿದು ಚೀಲವನ್ನು ಕೂದಲಿನವನ ಕೈಗೆ ಕೊಟ್ಟೆ. ನಡುವಯಸ್ಸಿನ ಮನುಷ್ಯ. ಅವನು ಉಂಡೆಯನ್ನು ಎತ್ತಿ, ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಎಳೆ ಹಿಡಿದು ಎಳೆದು ನೋಡಿದ. ಆ ಬೆರಳುಗಳನ್ನು ನೋಡುತ್ತ, ಕೇಳಬಾರದೆಂದುಕೊಂಡರೂ ಕೇಳಿಬಿಟ್ಟೆ.

"ಮೊದಲ ಏನ್ ಮಾಡ್ತಿದ್ರಿ ಅಣ್ಣಾ?"

ಅವನು ಮೈಕ್ ಬಂದ್ ಮಾಡಿದ. ನನ್ನ ಮುಖ ನೋಡಲಿಲ್ಲ. ಚೀಲದ ಬಾಯಿ ಬಿಗಿದು ಕಟ್ಟುತ್ತ ಹೇಳಿದ.

"ಮೊದಲಿಂದ ಇದ ರೀ ಅಕ್ಕಾರ."