ತೊಡೆಯ ಮೇಲಿನ ಜಾಗ

ಪರರ ವಿಷಯದಲ್ಲಿ ಮೂಗು ತೂರಿಸುವುದು ನನ್ನ ಹಳೆಯ ಚಟ. ಹೊಸನಗರದ ಕಡೆಯಿಂದ ಸಾಗರಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವ ಟೀಚರಿಗೆ ಬೇರೆ ಮನರಂಜನೆ ಏನಿದೆ ಹೇಳಿ? ನಮ್ಮ ಪ್ರೈವೇಟ್ ಬಸ್ಸುಗಳಲ್ಲೊಂದು ರೂಢಿಯಿದೆ. ಕೂತವರು ನಿಂತವರ ಬ್ಯಾಗನ್ನೂ ಮಕ್ಕಳನ್ನೂ ಕೇಳದೆಯೇ ತೊಡೆಗೆ ಎಳೆದುಕೊಳ್ಳುತ್ತಾರೆ. ಬೇಡ ಅಂದರೆ ಅದು ಕೊಬ್ಬು.

ಆ ಕೊಬ್ಬು ನಮ್ಮ ಶಾಲೆಯ ಎರಡನೇ ಕ್ಲಾಸಿನ ಹುಡುಗಿಯೊಬ್ಬಳಿಗಿತ್ತು. ಸಾಗರದ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುವ ಅಜ್ಜಿಯ ಜೊತೆ ಬರುತ್ತಿದ್ದಳು. ಬ್ಯಾಗನ್ನು ಯಾರಿಗಾದರೂ ಕೊಡುತ್ತಿದ್ದಳು, ನನ್ನ ತೊಡೆಯ ಮೇಲೆ ಕೂತು ನಿದ್ದೆಯನ್ನೂ ಹೊಡೆಯುತ್ತಿದ್ದಳು. ಆದರೆ ಅವರೂರಿನ ಯಜಮಾನರೊಬ್ಬರು "ಬಾ ಪುಟ್ಟಿ" ಎಂದು ಕರೆದರೆ ಮಾತ್ರ ಕಂಬಿಯನ್ನು ಬಿಗಿಯಾಗಿ ಹಿಡಿದುಬಿಡುತ್ತಿದ್ದಳು. ಅಜ್ಜಿಯೇ ಬೆರಳು ಬಿಡಿಸಿ ಅತ್ತ ತಳ್ಳುತ್ತಿದ್ದಳು. ದೊಡ್ಡವರು ಕರೆದರೆ ಹೋಗಬೇಕಮ್ಮ ಎಂದು ಇಡೀ ಬಸ್ಸು ಬುದ್ಧಿ ಹೇಳುತ್ತಿತ್ತು. ಯಾಕಿರಬಹುದು? ಅವರ ಮೀಸೆಗೆ ಹೆದರುತ್ತಾಳಾ? ನಶ್ಯದ ವಾಸನೆ ಆಗುವುದಿಲ್ಲವಾ? ನನ್ನ ತಲೆಯೊಳಗೆ ಹುಳ ಹೊಕ್ಕಿತು.

ಒಂದು ಬೆಳಿಗ್ಗೆ ಅವರು ಕರೆಯುವ ಮೊದಲೇ ಅವಳನ್ನು ನನ್ನ ತೊಡೆಗೆ ಎಳೆದುಕೊಂಡು ಕಿವಿಯಲ್ಲಿ ಕೇಳಿದೆ. ಅವಳೂ ಕಿವಿಯಲ್ಲೇ ಹೇಳಿದಳು.

"ಅವ್ರ ಕೈ ಸುಮ್ನಿರಲ್ಲ ಟೀಚರ್. ಅಜ್ಜಿಗೆ ಹೇಳ್ದೆ. ಯಾರಿಗೂ ಹೇಳ್ಬೇಡ ಅಂತು."

ಬಸ್ಸಿಳಿದದ್ದೇ ಅಜ್ಜಿಯನ್ನು ಪಕ್ಕಕ್ಕೆ ಕರೆದು, ನಿಮಗೆ ಗೊತ್ತಿತ್ತಾ ಎಂದು ಕೇಳಿದೆ. ಇಲ್ಲ ಅನ್ನಲಿಲ್ಲ.

"ನಾವಿರೋ ಮನೆ ಅವ್ರ ಜಾಗದಲ್ಲಿದೆ ಮೇಡಂ. ಎಬ್ಸಿದ್ರೆ ಈ ತಬ್ಬಲೀನ ಕಟ್ಕೊಂಡು ಎಲ್ಲಿಗೆ ಹೋಗ್ಲಿ?"

ಚೆನ್ನಾಗಿ ಬೈಯಬೇಕೆಂದಿದ್ದೆ, ಬೈಯದೆ ಹುಡುಗಿಯ ಕೈ ಹಿಡಿದು ಹೊರಟೆ. ಹಾಗಂತ ಸುಮ್ಮನೆ ಕೂರುವ ಪೈಕಿ ನಾನಲ್ಲ. ಶಾಲೆಗೆ ಹೋದವಳೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ.

ಮಧ್ಯಾಹ್ನ ಇಬ್ಬರು ಹೆಂಗಸರು ಬಂದರು. ಗದರಿಸುತ್ತಾರೇನೋ ಅಂದುಕೊಂಡಿದ್ದೆ, ಹುಡುಗಿಯ ಜೊತೆ ನೆಲದ ಮೇಲೆ ಕೂತು ಮೊದಲು ಚಿತ್ರ ಬರೆದರು. ಆಮೇಲೆ ಅಜ್ಜಿಯನ್ನೂ ಕರೆಸಿ, ಪೊಲೀಸರಿಗೆ ದೂರು ಹೋಗುತ್ತದೆ, ಮನೆ ಬಿಡಿಸಲು ಯಾರಾದರೂ ಬಂದರೆ ನಮಗೆ ತಿಳಿಸಿ, ಜೊತೆಗಿರುತ್ತೇವೆ ಎಂದರು. ಅಜ್ಜಿ ಸೆರಗಿನ ತುದಿ ಹಿಂಡುತ್ತ ಕೂತಿದ್ದಳು. ಕೊನೆಗೆ ಹುಡುಗಿಯನ್ನು, ನಿನಗೇನಾದರೂ ಕೇಳುವುದಿದೆಯಾ ಎಂದು ವಿಚಾರಿಸಿದರು. ಅವಳು ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ಅಜ್ಜಿಯ ಹತ್ತಿರ ಹೋಗಿ ನಿಂತಳು.

"ನಾಳೆಯಿಂದ ಬಸ್ಸಲ್ಲಿ ನಿಂತ್ಕೊಳ್ಲಾ ಅಜ್ಜಿ?"