ಒಳಗಿನವರು ಹೇಳಿದ ಸುದ್ದಿ

ಫೋನಿನ ಮುಂದೆ ಕೂತೇ ಯಾರು ಸತ್ತರು, ಯಾರು ಬದುಕಿದರು ಎಂದು ತೀರ್ಪು ಕೊಡುವ ಅಧಿಕಾರ ನಮ್ಮ ಆಫೀಸಿನಲ್ಲಿ ಒಬ್ಬಳಿಗೇ ಇತ್ತು. ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಾಣುತ್ತಿರಲಿಲ್ಲ. ಆಫೀಸಿನವರಿಗೂ, ಫೋನು ಮಾಡುವವರಿಗೂ ಅವಳು ರೂಲ್ಸಕ್ಕ.

ನಮ್ಮ ಕಂಪನಿಯ ಆಟದ ಹೆಸರು ಕತ್ತಲಕೋಟೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ಹೇಳುತ್ತಾರೆ, ಉಳಿದವರು ಆ ಕಥೆಯೊಳಗೆ ಯೋಧರೋ ಮಾಂತ್ರಿಕರೋ ಕಳ್ಳರೋ ಆಗುತ್ತಾರೆ. ತಾನು ಏನು ಮಾಡುತ್ತೇನೆಂದು ಅವರವರು ಬಾಯಲ್ಲಿ ಹೇಳಬೇಕು. ಅದು ಆಗುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಅಷ್ಟೇ. ಬೆಳೆದ ಗಂಡಸರು, ಹೆಂಗಸರು ಇದಕ್ಕಾಗಿ ಊಟ ಬಿಟ್ಟು ಜಗಳವಾಡುತ್ತಾರೆ ಎಂದರೆ ಮೊದಮೊದಲು ನಾನೂ ನಂಬಿರಲಿಲ್ಲ. ನಿಯಮಗಳಿಗೆಂದೇ ಮೂರು ದಪ್ಪ ಪುಸ್ತಕಗಳಿವೆ. ಮೂರರಲ್ಲೂ ಉತ್ತರ ಸಿಗದಿದ್ದರೆ ಕೊನೆಯ ಪುಟದಲ್ಲಿ ಒಂದು ಫೋನ್ ನಂಬರು. ಅದಕ್ಕೆ ಫೋನು ಹಚ್ಚಿದರೆ ರೂಲ್ಸಕ್ಕ.

ನಾನು ಪಕ್ಕದ ಮೇಜಿನವನು. ಡಬ್ಬಿಯಲ್ಲಿ ದಾಳ ಕಡಿಮೆ ಬಂದಿದ್ದರೆ, ಬೊಂಬೆಯ ಕತ್ತಿ ಮುರಿದಿದ್ದರೆ ನನಗೆ ಫೋನು. ನನ್ನ ಲೈನಿಗೆ ಬರುವವರು ಬೈಯುತ್ತಲೇ ಬರುತ್ತಿದ್ದರು, ಅವಳ ಲೈನಿಗೆ ಬರುವವರು ಬೇಡಿಕೊಳ್ಳುತ್ತಾ ಬರುತ್ತಿದ್ದರು. ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

"ಅಕ್ಕಾ, ಸೇತುವೆ ಮುರಿದಾಗ ನನ್ನ ಮಾಂತ್ರಿಕ ಹಾರೋ ಮಂತ್ರ ಅರ್ಧ ಹೇಳಿದ್ದ. ಬದುಕ್ತಾನಾ?"

"ಅರ್ಧ ಅಂದ್ರೆ? ಬಾಯಿ ಮಾತ್ರ ತೆಗೆದಿದ್ನಾ, ಮಂತ್ರ ಶುರು ಮಾಡಿದ್ನಾ?"

"ಶುರು ಮಾಡಿದ್ದ ಅಕ್ಕಾ, ದೇವರಾಣೆಗೂ."

"ಹಂಗಾದ್ರೆ ಅರ್ಧ ಹಾರ್ತಾನೆ. ಕಾಲು ಮುರಿಯತ್ತೆ, ಜೀವ ಉಳಿಯತ್ತೆ. ಫೋನಿಡಿ, ಆಟ ಮುಂದುವರಿಸಿ."

ಅರ್ಧ ಹಾರುವ ಮಾತು ಮೂರು ಪುಸ್ತಕದಲ್ಲಿ ಎಲ್ಲೂ ಇಲ್ಲ. ಅವಳು ಅಲ್ಲೇ ಹುಟ್ಟಿಸಿದ್ದು. ಆದರೆ ಆ ಕಡೆ ಮೇಜಿನ ಸುತ್ತ ಕೂತವರೆಲ್ಲ ಹೋ ಎಂದು ಕೂಗಿದ್ದು ನನ್ನವರೆಗೂ ಕೇಳಿಸಿತು.

ಮನೆಯಲ್ಲಿ ಅವಳ ಪಾಡು ಬೇರೆ. ಮದುವೆಯಾಗಿರಲಿಲ್ಲ, ಅಣ್ಣನ ಮನೆಯಲ್ಲಿದ್ದಳು. ಅಣ್ಣ ಕೆಟ್ಟವನಲ್ಲ, ಅತ್ತಿಗೆಯೂ ಕೆಟ್ಟವಳಲ್ಲ. ಊಟಕ್ಕೆ ಬಟ್ಟೆಗೆ ಕಡಿಮೆ ಮಾಡಿದವರಲ್ಲ. ಆದರೆ ಆ ಮನೆಯಲ್ಲಿ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅವಳ ಕೋಣೆಗೆ ಬಣ್ಣ ಬಳಿಸಿದಾಗಲೂ ಅಷ್ಟೇ. ಸಂಜೆ ಹೋಗಿ ಬಾಗಿಲು ತೆಗೆದಾಗಲೇ ಅವಳಿಗೆ ಗೊತ್ತಾದದ್ದು, ಇನ್ನು ತಾನು ಹಸಿರು ಗೋಡೆಗಳ ನಡುವೆ ಮಲಗಬೇಕು ಎಂದು.

"ಬಣ್ಣ ಚೆನ್ನಾಗೇ ಇದೆ ಕಣೋ," ಎಂದು ಮರುದಿನ ನನಗೆ ಹೇಳಿದಳು. "ಕೇಳಿದ್ರೆ ನಾನೂ ಹಸಿರೇ ಅಂತಿದ್ನೋ ಏನೋ. ಕೇಳ್ಲಿಲ್ಲ, ಅಷ್ಟೇ."

ಅಷ್ಟರಲ್ಲಿ ಫೋನು ಬಂತು. ಯಾರೋ ಇಬ್ಬರು ಒಂದೇ ಸಮನೆ ಕಿರುಚುತ್ತಿದ್ದರು, ಅಕ್ಕಾ ನೀವೇ ಹೇಳ್ಬೇಕು, ನೀವು ಹೇಳಿದ್ಮೇಲೆ ಮುಗೀತು. ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಆ ಲೈನು ಅವಳಿಗೆ ಏನು ಎಂಬುದು ನನಗೆ ಅವತ್ತು ಅರ್ಥವಾಯಿತು.

ಇನ್ನು ಸುದ್ದಿಗೆ ಬರುತ್ತೇನೆ. ಕತ್ತಲಕೋಟೆ ಮಾರಾಟಕ್ಕಿದೆಯಂತೆ ಎಂದು ಮೊದಲು ಹೇಳಿದವರು ಯಾರೋ ಆ ದೇವರಿಗೇ ಗೊತ್ತು. ಕ್ಯಾಂಟೀನು ಅಂತೆಕಂತೆಗಳ ಸಂತೆಯಾಯಿತು. ಬೊಂಬೆ ಮಾಡುವ ಕಂಪನಿಯೊಂದು ಕೊಳ್ಳುತ್ತದಂತೆ. ಅಲ್ಲ, ಸಿನಿಮಾದವರಂತೆ. ಅವರೂ ಅಲ್ಲ, ಮೇಜೇ ಬೇಡದ ಹಾಗೆ ಎಲ್ಲವನ್ನೂ ಮೊಬೈಲಿಗೆ ಹಾಕುವವರಂತೆ. ಒಂದು ದಿನ ಕೋಟು ತೊಟ್ಟ ಇಬ್ಬರು ಟೇಪು ಹಿಡಿದು ನಮ್ಮ ಮಹಡಿಯನ್ನು ಅಳೆದು ಹೋದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮವರು. ಅವತ್ತೇ ಅರ್ಧ ಆಫೀಸು ಮೇಜಿನ ಖಾನೆ ಖಾಲಿ ಮಾಡಿಕೊಂಡಿತು. ಆಮೇಲೆ ನೋಡಿದರೆ ಅವರು ಕಿಟಕಿಗೆ ಪರದೆ ಹಾಕುವವರು.

ನಮ್ಮ ವಿಭಾಗದ ಯಜಮಾನರಿಗೆ ನಾವಿಟ್ಟ ಹೆಸರು 'ನೋಡೋಣ'. ರಜೆ ಕೇಳಿದರೂ, ಕುರ್ಚಿ ಕೇಳಿದರೂ, ಸತ್ಯ ಕೇಳಿದರೂ ಅವರ ಬಾಯಿಂದ ಬರುತ್ತಿದ್ದದ್ದು ಅದೊಂದೇ ಮಾತು. ಅವರು ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಹೇಳಿದರು.

"ಫೋನಲ್ಲಿ ಯಾರೇ ಕೇಳಲಿ, ವದಂತಿಗಳ ಬಗ್ಗೆ ಕಂಪನಿ ಏನೂ ಹೇಳುವುದಿಲ್ಲ ಅನ್ನಿ. ಒಂದಕ್ಷರ ಹೆಚ್ಚೂ ಬೇಡ, ಕಡಿಮೆನೂ ಬೇಡ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು."

"ಸಾರ್, ನಮಗಾದ್ರೂ ಹೇಳಿ. ಮಾರ್ತಾರಾ?" ಎಂದಳು ರೂಲ್ಸಕ್ಕ.

"ನೋಡೋಣ," ಎಂದರು.

ಅದೇ ವಾರ ಅವಳ ಧ್ವನಿಯನ್ನು ರೆಕಾರ್ಡು ಮಾಡಿಸಿದರು. ಅವಳು ಊಟಕ್ಕೆ ಹೋದಾಗ ಫೋನು ಸುಮ್ಮನೆ ಬಡಿದುಕೊಳ್ಳುತ್ತದೆ, ಅಷ್ಟು ಹೊತ್ತು ಮೆಷಿನ್ನು ಮಾತಾಡಲಿ ಎಂದು. ಮೋಸ ಮಾಡಬೇಕೆಂದೇ ಮಾಡಿಸಿದರು ಎಂದು ನಾನು ಹೇಳಲಾರೆ. ಅಷ್ಟು ಮುಂದಾಲೋಚನೆಯ ಮನುಷ್ಯ ಅವರಲ್ಲ. ಅಕ್ಕನಿಗಂತೂ ಹಿಗ್ಗೋ ಹಿಗ್ಗು. ಧ್ವನಿ ಕೊಡಲು ಹೋಗುವ ಮುಂಚೆ ತಲೆ ಬಾಚಿಕೊಂಡಳು. ಫೋನಿನಲ್ಲಿ ತಲೆ ಯಾರಿಗೆ ಕಾಣುತ್ತದೆ ಎಂದು ನಾನು ಕೆಣಕಿದೆ. "ನಿಂಗೆ ಕಾಣಲ್ಲ, ಅವರಿಗೆ ಕಾಣತ್ತೆ," ಎಂದಳು.

ಮಾರಾಟದ ಫೋನುಗಳು ದಿನದಿನಕ್ಕೆ ಹೆಚ್ಚಾದವು. ಡ್ರ್ಯಾಗನ್ನು, ಸೇತುವೆ, ವಿಷದ ಬಾವಿ ಎಲ್ಲ ಹಿಂದಕ್ಕೆ ಬಿದ್ದು ಎಲ್ಲರದೂ ಅದೊಂದೇ ಪ್ರಶ್ನೆ. ಅಕ್ಕ ಹೇಳಿಕೊಟ್ಟದ್ದನ್ನೇ ಹೇಳುತ್ತಿದ್ದಳು. ಪ್ರತಿಯೊಂದು ಪ್ರಶ್ನೆಗೂ ಉತ್ತರ ಇದ್ದವಳು ಬೆಳಗಿನಿಂದ ಸಂಜೆಯವರೆಗೆ ಏನೂ ಹೇಳುವುದಿಲ್ಲ ಎಂದು ಹೇಳುತ್ತಾ ಕೂರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಗಡಿಯಾರದ ಯಜಮಾನರು ಫೋನು ಮಾಡಿದರು. ಅವರು ಯಾವುದೋ ಊರಿನ ಗಡಿಯಾರ ರಿಪೇರಿಯವರು. ಅಂಗಡಿ ಮುಚ್ಚಿದ ಮೇಲೆ ಮೊಮ್ಮಗಳನ್ನೂ ಬೀದಿಯ ನಾಲ್ಕು ಜನರನ್ನೂ ಕೂರಿಸಿಕೊಂಡು ಆಡಿಸುತ್ತಿದ್ದರು. ಅಕ್ಕನಿಗೆ ಬಹಳ ಹಳೆಯ ಗಿರಾಕಿ. ಅವರ ಮಾತಿನ ಹಿಂದೆ ಯಾವಾಗಲೂ ಹತ್ತಾರು ಗಡಿಯಾರಗಳ ಟಿಕ್ ಟಿಕ್ ಕೇಳಿಸುತ್ತದೆ ಎಂದು ಅಕ್ಕ ಹೇಳುತ್ತಿದ್ದಳು.

"ಮಾರ್ತಾರೋ ಬಿಡ್ತಾರೋ ನಂಗ್ಯಾಕಮ್ಮಾ," ಎಂದರು. "ನನ್ನ ಮೊಮ್ಮಗಳು ಹೊಸದಾಗಿ ಬಂದಿರೋ ನಾಲ್ಕನೇ ಪುಸ್ತಕ ಬೇಕು ಅಂತ ಜೀವ ತಿಂತಿದಾಳೆ. ಕೊಡಿಸಿದ ಮೇಲೆ ಹೊಸಬರು ಬಂದು ನಿಯಮಾನೇ ಬದಲಾಯಿಸಿದ್ರೆ ಅದು ಪೊಟ್ಟಣ ಕಟ್ಟೋಕೆ ಆಗತ್ತೆ. ಕಂಪನಿ ಮಾತು ಬೇಡ, ನೀವು ಹೇಳಿ. ತಗೊಳ್ಳಲಾ?"

ಅಕ್ಕ ಮೊದಲು ಕಂಪನಿಯ ಮಾತನ್ನೇ ಹೇಳಿದಳು. ಆಮೇಲೆ ಸುತ್ತ ನೋಡಿ, ದನಿ ತಗ್ಗಿಸಿ, "ಸ್ವಲ್ಪ ತಡೀರಿ ಯಜಮಾನ್ರೇ," ಎಂದಳು.

ಅಷ್ಟೇ. ಅವಳಿಗೆ ಏನೂ ಗೊತ್ತಿರಲಿಲ್ಲ. ಅಜ್ಜನ ದುಡ್ಡು ನೀರಿಗೆ ಹೋಗದಿರಲಿ ಎಂದು ಹೇಳಿದ್ದು. ಪಕ್ಕದಲ್ಲೇ ಕೂತಿದ್ದ ನಾನೂ ಕೇಳಿಸಿಕೊಂಡೆ, ಅದೇ ಕ್ಷಣದಲ್ಲಿ ಮರೆತೂ ಬಿಟ್ಟೆ.

ಒಂದು ವಾರವೂ ಕಳೆದಿರಲಿಲ್ಲ, ಕ್ಯಾಂಟೀನಿಗೆ ಹೊಸ ಸುದ್ದಿ ಬಂತು. ಈ ಸಲ ಅಂತೆ ಇರಲಿಲ್ಲ. ಕಂಪನಿಯ ಒಳಗಿನವರೇ ಒಬ್ಬರು ಬಾಯಿಬಿಟ್ಟಿದ್ದಾರೆ: ಮಾತುಕತೆ ಮುಗಿದಿದೆ, ಯಾರೂ ಹೊಸ ಪುಸ್ತಕ ಕೊಳ್ಳಬೇಡಿ, ಬರುವವರು ನಿಯಮಗಳನ್ನೂ ಬದಲಾಯಿಸುತ್ತಾರೆ, ಫೋನ್ ಲೈನುಗಳನ್ನೂ ಮುಚ್ಚುತ್ತಾರೆ. ಆಟಗಾರರ ಗುಂಪುಗಳಲ್ಲೆಲ್ಲ ಇದೇ ಹರಿದಾಡುತ್ತಿತ್ತು. ಅಂಗಡಿಗಳವರು ನಾಲ್ಕನೇ ಪುಸ್ತಕದ ಆರ್ಡರು ಹಿಂತೆಗೆದುಕೊಂಡರು. ಅದನ್ನು ನೋಡಿ ಸುದ್ದಿ ನಿಜವೇ ಎಂದು ಉಳಿದವರೂ ಒಪ್ಪಿಕೊಂಡರು.

"ಬೀದಿಲಿ ಹೋಗೋರು ಹೇಳಿದ್ರೆ ನಾನು ನಂಬ್ತಿರ್ಲಿಲ್ಲ," ಎಂದಳು ಅಕ್ಕ. "ಒಳಗಿನವರು ಹೇಳಿದಾರೆ ಅಂದ್ಮೇಲೆ ಇನ್ನೇನಿದೆ?"

ಆ ಹೊತ್ತಿಗೆ ಸರಿಯಾಗಿ ಗೋದಾಮಿನಲ್ಲಿ ಒಂದು ಜಾಗ ಖಾಲಿಯಾಗಿತ್ತು. ಡಬ್ಬಿಗಳಿಗೆ ದಾಳ ತುಂಬುವ ಕೆಲಸ. ಯಾರಿಗಾದರೂ ಬೇಕಿದ್ದರೆ ಹೇಳಿ, ಬಲವಂತವಿಲ್ಲ ಎಂದು ನೋಡೋಣ ಅವರು ಹೇಳಿದ್ದರು. ಯಾರು ಕೊಂಡರೂ ಡಬ್ಬಿ ತುಂಬಲು ಕೈ ಬೇಕೇ ಬೇಕು. ಫೋನೆತ್ತುವವರಿಗೆ ಆ ಭರವಸೆ ಇರಲಿಲ್ಲ. ಅಕ್ಕ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು.

"ಏನ್ಮಾಡ್ಲೋ? ನೀನೇ ಹೇಳು."

ಊರಿನ ಜನರಿಗೆಲ್ಲ ತೀರ್ಪು ಕೊಟ್ಟವಳು ನನ್ನನ್ನು ಕೇಳುತ್ತಿದ್ದಳು.

"ನಂಗೇನ್ ಗೊತ್ತಕ್ಕಾ," ಎಂದೆ. "ಇನ್ನೊಂದಷ್ಟು ದಿನ ನೋಡು."

"ನೋಡೋದು ನಿಂಗೇನು ಸುಲಭ. ನಿಂಗೆ ಹೋಗೋಕೆ ಮನೆ ಇದೆ. ನನ್ನ ಕೆಲಸ ಹೋದ್ರೆ ಹಗಲೆಲ್ಲ ಆ ಹಸಿರು ಗೋಡೆ ನೋಡ್ಕೊಂಡು ಕೂರ್ಬೇಕು. ಲೈನು ಹೋದ್ರೆ ಹೋಗ್ಲಿ, ಬೆಳಿಗ್ಗೆ ಎದ್ದು ಹೊರಡೋಕೆ ಒಂದು ಜಾಗ ಆದ್ರೂ ಇರ್ಲಿ."

ತಾನೇ ಹೋಗಿ ಕೇಳಿದಳು. ಜೀವನದಲ್ಲಿ ಮೊದಲ ಸಲ ನೋಡೋಣ ಅವರು ನೋಡೋಣ ಎನ್ನಲಿಲ್ಲ, ಆಗಲಿ ಎಂದರು. ಸೋಮವಾರದಿಂದ ಅವಳ ಮೇಜಿನ ಮೇಲೆ ಮೆಷಿನ್ನು ಕೂತಿತು. ಅವಳು ಕೆಳಗೆ ಗೋದಾಮಿನಲ್ಲಿ ಬಿಳಿ ಟೋಪಿ ಹಾಕಿಕೊಂಡು ಒಂದೊಂದು ಡಬ್ಬಿಗೆ ಒಂದೊಂದು ಹಿಡಿ ದಾಳ ಹಾಕತೊಡಗಿದಳು. ಆ ಗದ್ದಲದಲ್ಲಿ ಯಾರಿಗೂ ಯಾರ ಮಾತೂ ಕೇಳಿಸುವುದಿಲ್ಲ.

ಇದಾಗಿ ತಿಂಗಳೊಳಗೆ ಕಂಪನಿಯ ದೊಡ್ಡವರು ಪತ್ರಿಕೆಯವರ ಮುಂದೆ ಕೂತು, ಕತ್ತಲಕೋಟೆಯನ್ನು ಮಾರುವ ಯೋಚನೆ ಸದ್ಯಕ್ಕೆ ಇಲ್ಲ ಎಂದರು. ಆಫೀಸಿನಲ್ಲಿ ಸಿಹಿ ಹಂಚಿದರು. ಅಕ್ಕ ಟೋಪಿಯನ್ನೂ ತೆಗೆಯದೆ ಮೆಟ್ಟಿಲು ಹತ್ತಿ ಬಂದು ನೋಡೋಣ ಅವರ ಬಾಗಿಲಲ್ಲಿ ನಿಂತಳು.

"ಸಾರ್, ಲೈನು ಮುಚ್ಚಲ್ವಂತಲ್ಲ. ನಾನು ವಾಪಸ್ ಬರ್ಲಾ?"

"ಮೆಷಿನ್ನು ಚೆನ್ನಾಗಿ ನಡೀತಿದೆಯಲ್ಲಮ್ಮಾ," ಎಂದರು ಅವರು, ಪಾಪ, ಸಮಾಧಾನ ಮಾಡುವ ದನಿಯಲ್ಲೇ. "ಅದೂ ನಿನ್ನ ಧ್ವನಿನೇ ಅಲ್ವಾ? ನೋಡೋಣ."

ನನಗೆ ಮೈ ಉರಿಯಿತು. ಉರಿದು ಏನು ಮಾಡುವುದು? ನನ್ನ ಫೋನು ಬಡಿದುಕೊಳ್ಳುತ್ತಿತ್ತು, ಎತ್ತಿದೆ. ಅದರ ಹಿಂದೆ ಟಿಕ್ ಟಿಕ್ ಎಂದು ಕೇಳಿಸಿತು.

"ಅಪ್ಪಾ, ದಾಳ ಕಡಿಮೆ ಬಂದಿಲ್ಲ, ಕೋಪ ಮಾಡ್ಕೋಬೇಡಿ," ಎಂದರು ಗಡಿಯಾರದ ಯಜಮಾನರು. "ಅಮ್ಮನ ನಂಬರಿಗೆ ಮಾಡಿದ್ರೆ ಅವರು ಮಾತಾಡ್ತಾರೆ, ನಾನು ಕೇಳಿದ್ದು ಅವರಿಗೆ ಕೇಳಲ್ಲ. ಏನಾಯ್ತು ಅವರಿಗೆ? ಸ್ವಲ್ಪ ತಡೀರಿ ಅಂದಿದ್ರು. ನಾನು ತಡೆದೆ. ನಮ್ಮ ಆಟದವರಿಗೂ ಹೇಳ್ದೆ, ತಡೀರಪ್ಪಾ, ಒಳಗಿನವರೇ ಹೇಳಿದಾರೆ ಅಂತ. ಈಗ ತಗೋಬಹುದಾ ಪುಸ್ತಕ?"

ಏನೋ ಹೇಳಿ ಫೋನಿಟ್ಟೆ. ಅವಳು ಒಬ್ಬ ಮುದುಕನ ಮೇಲಿನ ಪ್ರೀತಿಗೆ ಆಡಿದ ಎರಡು ಮಾತು ಊರೆಲ್ಲ ತಿರುಗಿ, ಕೈಕಾಲು ಬೆಳೆಸಿಕೊಂಡು, ಅವಳ ಹತ್ತಿರವೇ ಬಂದು ಅವಳನ್ನೇ ಕುರ್ಚಿಯಿಂದ ಎಬ್ಬಿಸಿತ್ತು. ಇದನ್ನು ಅವಳಿಗೆ ಹೇಳುವುದೇ? ಹೇಳಿದರೆ ಏನು ವಾಪಸ್ ಬರುತ್ತದೆ? ಹೇಳಬಾರದು ಎಂದು ತೀರ್ಮಾನಿಸಿದೆ.

ಮರುದಿನ ಊಟದ ಬಿಡುವಿನಲ್ಲಿ ಅವಳು ಮೇಲೆ ಬಂದು ತನ್ನ ಹಳೆಯ ಕುರ್ಚಿಯಲ್ಲಿ ಕೂತಳು. ದಾಳದ ಬಣ್ಣದ ಪುಡಿ ಉಗುರಿಗೆಲ್ಲ ಹತ್ತಿತ್ತು.

"ಆ ಒಳಗಿನವರು ಯಾರು ಅಂತ ಗೊತ್ತಾಯ್ತೇನೋ? ಸಿಕ್ಕಿದ್ರೆ ಕೇಳ್ಬೇಕಿತ್ತು, ಗೊತ್ತಿಲ್ದೆ ಯಾಕೆ ಬಾಯಿಬಿಟ್ಟೆ ಪುಣ್ಯಾತ್ಮಾ ಅಂತ."

ನಾನು ಖಾನೆಯಲ್ಲಿ ಏನೋ ಹುಡುಕತೊಡಗಿದೆ. ಅವಳು ನನ್ನ ಫೋನು ಎಳೆದುಕೊಂಡು ತನ್ನದೇ ನಂಬರು ಒತ್ತಿ, ಸ್ಪೀಕರು ಹಾಕಿದಳು. "ಹೆಂಗೆ ಮಾತಾಡ್ತೀನಿ ಕೇಳೋಣ," ಎಂದು ನಕ್ಕಳು.

ನಮಸ್ಕಾರ, ಕತ್ತಲಕೋಟೆಗೆ ಸ್ವಾಗತ, ಎಂದಿತು ಅವಳ ಧ್ವನಿ. ವದಂತಿಗಳ ಬಗ್ಗೆ ಕಂಪನಿ ಏನೂ ಹೇಳುವುದಿಲ್ಲ. ನಿಯಮದ ಪ್ರಶ್ನೆಯಾದರೆ, ದಯವಿಟ್ಟು ಸ್ವಲ್ಪ ತಡೆಯಿರಿ.

ಆಮೇಲೆ ಸಂಗೀತ. ಅವಳ ನಗು ಹಾಗೇ ನಿಂತಿತು. ಸಂಗೀತ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಅವಳು ಫೋನನ್ನೇ ನೋಡುತ್ತಿದ್ದಳು.

"ಗಡಿಯಾರದ ಯಜಮಾನ್ರು ಫೋನು ಮಾಡಿದ್ರಾ?" ಎಂದಳು ಕೊನೆಗೆ.

"ಹೂಂ. ನಿನ್ನೆ."

"ಏನಂದ್ರು?"

"ಪುಸ್ತಕ ತಗೋಬಹುದಾ ಅಂತ ಕೇಳಿದ್ರು."

ಅವಳು ಫೋನು ಆರಿಸಿ ನನ್ನ ಕಡೆ ತಳ್ಳಿದಳು. ಎದ್ದು ಬಿಳಿ ಟೋಪಿ ಹಾಕಿಕೊಂಡು, ಹೊರಗೆ ಬಿದ್ದಿದ್ದ ಕೂದಲನ್ನು ಒಂದೊಂದಾಗಿ ಒಳಗೆ ಸೇರಿಸಿದಳು. ಬಾಗಿಲ ತನಕ ಹೋದವಳು ಅಲ್ಲೇ ನಿಂತಳು.

"ತಗೊಳ್ಳಿ ಅಂತ ಹೇಳು," ಎಂದಳು. "ಮಗು ಕೇಳ್ತಿದೆ, ಕೊಡಿಸ್ಲಿ. ಆದ್ರೆ ಒಳಗಿನವರು ಹೇಳಿದ್ರು ಅಂತ ಮಾತ್ರ ಹೇಳ್ಬೇಡ."