ದೂರ ಹೋದವರ ಲೋಟ

ತಿಫ್ಲಿಸ್ ಊರಿನ ಮನೆಮನೆಗೆ ಹೋಗಿ ಪಿಯಾನೋಗಳಿಗೆ ಶ್ರುತಿ ಕೂಡಿಸುತ್ತಿದ್ದ ಸೊಲೊಮನ್‌ಗೆ ಹೊಟ್ಟೆಪಾಡು ಕಿವಿಯಿಂದ, ಸುಖ ನಾಲಿಗೆಯಿಂದ. ಐವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಯಾಕಪ್ಪಾ ಎಂದು ಕೇಳಿದವರಿಗೆ, "ಆಮೇಲೆ ದಿನಾ ಮನೇಲೇ ಊಟ ಮಾಡ್ಬೇಕಾಗ್ತದಲ್ಲ ಮಾರಾಯ" ಎನ್ನುತ್ತಿದ್ದ. ಕೋಟಿನ ಒಂದು ಜೇಬಿನಲ್ಲಿ ಶ್ರುತಿಯ ಕೀಲಿ, ಇನ್ನೊಂದರಲ್ಲಿ ಕಾಗದದಲ್ಲಿ ಸುತ್ತಿದ ಉಪ್ಪು ಮೆಣಸು. ಹೋಟೆಲಿನವರು ಹಾಕುವ ಉಪ್ಪಿನ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ. ಯಾವ ಓಣಿಯಲ್ಲಿ ಯಾವ ಹೊತ್ತಿಗೆ ಚೀಸಿನ ರೊಟ್ಟಿ ಒಲೆಯಿಂದ ಹೊರಬೀಳುತ್ತದೆ, ಯಾವ ಮುದುಕಿಯ ಹುಳಿಪ್ಲಮ್ ಚಟ್ನಿಗೆ ಈ ಸಲ ಬೆಳ್ಳುಳ್ಳಿ ಜಾಸ್ತಿಯಾಗಿದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಅಂಥ ಮನುಷ್ಯನಿಗೆ ಊರು ಎಂದರೆ ತಿನ್ನುವ ಜಾಗಗಳು, ಜೊತೆಗೆ ಕೂತು ತಿನ್ನುವ ಜನರು, ಅಷ್ಟೇ.

ಅವನಿಗೆ ಸಂಸಾರ ಅಂತ ಏನಾದರೂ ಇದ್ದರೆ ಅದು ನದಿಯ ಹತ್ತಿರ ಅರ್ಶಾಕನ ನೆಲಮಾಳಿಗೆಯ ಹೋಟೆಲಿನಲ್ಲಿದ್ದ ಮೂಲೆಯ ಮೇಜು. ಸರ್ಕಾರ ಆ ದುಕಾನನ್ನು ಕಿತ್ತುಕೊಂಡು ಬಾಗಿಲಿಗೊಂದು ನಂಬರು ಬಡಿದಿತ್ತು. ಅರ್ಶಾಕ ತನ್ನ ಒಲೆಯ ಮುಂದೆಯೇ ಸಂಬಳದ ಆಳಾಗಿದ್ದ. ಊರಿನವರು ಮಾತ್ರ ಆ ನಂಬರನ್ನು ಒಮ್ಮೆಯೂ ಬಾಯಲ್ಲಿ ಹೇಳಲಿಲ್ಲ. ಆರು ದಿನಕ್ಕೊಮ್ಮೆ ಬರುವ ರಜೆಯ ಮಧ್ಯಾಹ್ನ ಅಲ್ಲಿ ನಾಲ್ವರು ಸೇರುತ್ತಿದ್ದರು. ಒಬ್ಬ ಸೊಲೊಮನ್. ಇನ್ನೊಬ್ಬ ಔಷಧದಂಗಡಿಯ ಬಗ್ರಾತ್. ದಪ್ಪ ಆಸಾಮಿ, ನಕ್ಕರೆ ಮೇಜು ಅಲುಗುತ್ತಿತ್ತು, ಸತ್ತವರನ್ನು ನೆನೆದು ಅತ್ತಾಗಲೂ ಅಲುಗುತ್ತಿತ್ತು. ಮೂರನೆಯವ ಟ್ರಾಮ್ ಡಿಪೋದ ಗುಮಾಸ್ತ ಯಾಸೋನ್, ತುಟಿ ಬಿಗಿದುಕೊಂಡೇ ಹುಟ್ಟಿದವ. ನಾಲ್ಕನೆಯವ ಭೂಗೋಳದ ಮೇಷ್ಟ್ರು ಆರ್ಚಿಲ್; ಅವನ ನಾಲಿಗೆಗೆ ಲಗಾಮೇ ಇರಲಿಲ್ಲ.

ಮೇಜಿಗೊಬ್ಬ ತಮಡ ಬೇಕು. ಯಾವ ಲೋಟ ಯಾರ ಹೆಸರಿಗೆ ಎಂದು ಹೇಳುವವನು ಅವನು. ಅವನು ಹೇಳದೆ ಯಾರೂ ಲೋಟ ಎತ್ತುವಂತಿಲ್ಲ. ಆ ಮೇಜಿಗೆ ಸೊಲೊಮನ್ನೇ ತಮಡ. ಬದುಕಿದವರ ಹೆಸರಿಗಾದರೆ ಲೋಟಕ್ಕೆ ಲೋಟ ತಾಗಿಸಿ ಕುಡಿಯಬೇಕು. ಸತ್ತವರ ಹೆಸರಿಗೆ ತಾಗಿಸಬಾರದು. ಒಂದು ಚೂರು ರೊಟ್ಟಿ ಮುರಿದು, ಅದರ ಮೇಲೆ ವೈನಿನ ಹನಿ ಬಿಟ್ಟು, "ದೇವರು ಕ್ಷಮಿಸಲಿ" ಎಂದು ಹೇಳಿ ಸದ್ದಿಲ್ಲದೆ ಕುಡಿಯಬೇಕು. ಸರ್ಕಾರ ದೇವರನ್ನು ಊರಿಂದಲೇ ಓಡಿಸಿದ ಮೇಲೂ ಈ ಪದ್ಧತಿಯನ್ನು ಯಾರೂ ಬಿಟ್ಟಿರಲಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಗಾದೆ. ಗಾದೆ ಕಟ್ಟಿದವನು ಆ ವರ್ಷ ತಿಫ್ಲಿಸಿನಲ್ಲಿ ಇರಲಿಲ್ಲ, ಇದ್ದಿದ್ದರೆ ಎರಡನೆಯ ಅರ್ಧವನ್ನು ನುಂಗಿಕೊಳ್ಳುತ್ತಿದ್ದ. ಸೊಲೊಮನ್ ಶ್ರುತಿ ಮಾಡಲು ಹೋದರೆ, ಮನೆಯವರನ್ನು ರಾತ್ರೋರಾತ್ರಿ ಎತ್ತಿಕೊಂಡು ಹೋಗಿ ಬಾಗಿಲಿಗೆ ಅರಗಿನ ಮುದ್ರೆ ಬಿದ್ದಿರುತ್ತಿತ್ತು. ಪಕ್ಕದ ಮನೆಯವರು ಅವನನ್ನು ಕಂಡು ಕಿಟಕಿ ಎಳೆದುಕೊಳ್ಳುತ್ತಿದ್ದರು. ಇಂಥ ಬಾಗಿಲುಗಳು ಒಂದೊಂದಾಗಿ ಹೆಚ್ಚಿದವು. ಒಳಗೆ ಪಿಯಾನೋಗಳು ಶ್ರುತಿ ಕೆಡುತ್ತಾ ಕೂತಿವೆಯೆಂದು ಅವನಿಗೆ ಮೊದಮೊದಲು ಬೇಸರವಾಗುತ್ತಿತ್ತು, ಆಮೇಲೆ ಬರಿಯ ಹೆದರಿಕೆ ಉಳಿಯಿತು.

ವಸಂತದಲ್ಲಿ ಗುಪ್ತ ಪೊಲೀಸರು ಆರ್ಚಿಲ್‌ನನ್ನೂ ಕರೆದೊಯ್ದರು. ಮೇಜಿನಲ್ಲಿ ಒಂದು ದಿನ ಅವನು, "ನಕ್ಷೇಲಿರೋ ಊರುಗಳ ಹೆಸರು ಎಷ್ಟು ಬೇಗ ಬದಲಾಗ್ತಿದೆ ಅಂದ್ರೆ, ಹುಡುಗ್ರು ಪರೀಕ್ಷೆ ಬರೆಯೋವರೆಗೂ ಒಂದೂ ನಿಲ್ಲಲ್ಲ ಕಣ್ರೋ" ಎಂದಿದ್ದ. ನಾಲ್ವರೂ ನಕ್ಕಿದ್ದರು. ಅವನ ಹೆಂಡತಿ ನುತ್ಸಾಳನ್ನು ಪೊಲೀಸರ ದೊಡ್ಡ ಕಟ್ಟಡಕ್ಕೆ ಕರೆಸಿದಾಗ ಅಲ್ಲಿನ ಅಧಿಕಾರಿ ಅದೇ ಮಾತನ್ನು ಅಕ್ಷರ ಬಿಡದೆ ಓದಿ ಹೇಳಿದನಂತೆ. ಅಂದರೆ ಅದನ್ನು ಅಲ್ಲಿಗೆ ಮುಟ್ಟಿಸಿದವನು ಮೂವರಲ್ಲಿ ಒಬ್ಬ. ತಾನಲ್ಲ ಎಂದು ಸೊಲೊಮನ್‌ಗೆ ಗೊತ್ತು. ಬಗ್ರಾತ್ ಸುದ್ದಿ ಕೇಳಿ ಮಗುವಿನ ಹಾಗೆ ಅತ್ತಿದ್ದ. ಉಳಿದವನು ಯಾಸೋನ್. ಸೊಲೊಮನ್‌ನ ಲೆಕ್ಕ ಅಲ್ಲಿಗೆ ಮುಗಿಯಿತು. ಹಾಗಾದರೆ ಯಾಕೆ ಒಂದೇ ಮೇಜಿಗೆ ಕೂರುತ್ತಿದ್ದ? ಬರದೆ ಹೋದವನ ಮೇಲೆ ಮೊದಲು ಕಣ್ಣು ಬೀಳುತ್ತಿತ್ತು, ಅದಕ್ಕೆ.

ನುತ್ಸಾ ಹದಿನೈದು ದಿನಕ್ಕೊಮ್ಮೆ ಜೈಲಿನ ಕಿಟಕಿಗೆ ಗಂಟು ಒಯ್ಯುತ್ತಿದ್ದಳು. ಗಂಟು ತೆಗೆದುಕೊಂಡರೆ ಗಂಡ ಬದುಕಿದ್ದಾನೆಂದು ಅರ್ಥ. ಇಲ್ಲಿಯವರೆಗೆ ತೆಗೆದುಕೊಂಡಿದ್ದರು. ಆದರೂ ಸತ್ತವರ ಗಂಟನ್ನೂ ತೆಗೆದುಕೊಂಡದ್ದುಂಟೆಂದು ಕೇಳಿದ್ದ ಆಕೆ ಆ ಕಿಟಕಿಯನ್ನು ನಂಬುತ್ತಿರಲಿಲ್ಲ, ಮೇಜನ್ನು ನಂಬುತ್ತಿದ್ದಳು. ಪ್ರತಿ ರಜೆಯ ದಿನ ಊಟ ಮುಗಿಸಿ ಸೊಲೊಮನ್ ಅವಳ ಮನೆಗೆ ಹೋಗಬೇಕು, ಏನು ತಿಂದಿರಿ, ಯಾರು ಏನಂದರು ಎಂದೆಲ್ಲ ಹೇಳಬೇಕು. ಕೊನೆಗೆ ಅವಳು ಕೇಳುವುದು ಒಂದೇ ಮಾತು: ಅವನನ್ನು ನೆನೆದದ್ದು ಯಾವ ಲೋಟದಲ್ಲಿ? ಆರ್ಚಿಲ್‌ನ ಹೆಸರೆತ್ತುವಂತಿರಲಿಲ್ಲ. ಅದಕ್ಕೆ ಸೊಲೊಮನ್ 'ದೂರ ಹೋದವರಿಗೆ' ಎಂದು ಒಂದು ಲೋಟ ಸೇರಿಸಿದ್ದ. ಮೂವರೂ ತಾಗಿಸಿ ಕುಡಿಯುತ್ತಿದ್ದರು, ಯಾರಿಗೆಂದು ಮೂವರಿಗೂ ಗೊತ್ತಿತ್ತು. "ಅವನನ್ನ ಸತ್ತವರ ಲೋಟಕ್ಕೆ ಸೇರಿಸೋ ದಿನ ಬಂದ್ರೆ ನನ್ನ ಹತ್ರ ಮುಚ್ಚಿಡಬೇಡ ಅಣ್ಣ. ನಿನ್ನ ಬಿಟ್ರೆ ನಂಗೆ ಹೇಳೋರು ಯಾರೂ ಇಲ್ಲ" ಎಂದು ಆಣೆ ಹಾಕಿಸಿಕೊಂಡಿದ್ದಳು.

ಹೊಸ ವೈನ್ ಬಂದ ಕಾಲ. ಆವತ್ತು ಮಧ್ಯಾಹ್ನ ಅರ್ಶಾಕ ಮಡಕೆಯಲ್ಲಿ ಬೀನ್ಸ್ ಕಾಳು ಬೇಯಿಸಿದ್ದ, ಬದನೆಕಾಯಿಗೆ ಅಕ್ರೋಟು ಅರೆದು ತುಂಬಿದ್ದ, ನದಿಯ ಮೀನು ಹುರಿದಿದ್ದ. ಮಾಂಸದ ರಸ ತುಂಬಿದ ಹಿಂಕಾಲಿ ಕಡುಬುಗಳು ತಟ್ಟೆ ತುಂಬಾ ಹಬೆಯಾಡುತ್ತಿದ್ದವು. ಮೇಲಿನ ಹಿಟ್ಟಿನ ಜುಟ್ಟು ಹಿಡಿದು, ಕಚ್ಚಿ, ಮೊದಲು ರಸ ಹೀರಿ, ಆಮೇಲೆ ತಿಂದು ಜುಟ್ಟನ್ನು ತಟ್ಟೆಯಲ್ಲಿ ಬಿಡಬೇಕು. ಅಂಗಿಯ ಮೇಲೆ ರಸ ಚೆಲ್ಲಿಕೊಂಡವನನ್ನು ವರ್ಷವಿಡೀ ಆಡಿಕೊಳ್ಳುತ್ತಾರೆ.

"ಲೋ ಅರ್ಶಾಕ್, ಈ ಮೀನು ನದೀಲಿ ಸತ್ತಿದ್ದೋ, ನಿನ್ನ ಕೈಲಿ ಸತ್ತಿದ್ದೋ?" ಎಂದ ಬಗ್ರಾತ್.

"ನದೀಲಿ ಬದುಕೇ ಇತ್ತು ಸ್ವಾಮಿ. ನಿಮ್ಮ ಹೊಟ್ಟೆ ನೋಡಿ ಜೀವ ಬಿಡ್ತು."

ಬಗ್ರಾತ್ ನಕ್ಕ, ಮೇಜು ಅಲುಗಿತು. ಸೊಲೊಮನ್‌ಗೂ ನಗು ಬಂತು. ಆ ಕ್ಷಣ ಹಳೆಯ ದಿನಗಳೇ ಬಂದು ಕೂತಂತಿತ್ತು, ಅದನ್ನೇ ಅವನಿಂದ ತಡೆಯಲಾಗಲಿಲ್ಲ. ಸುಖವನ್ನು ಹಾಳುಮಾಡಿದವನ ಮೇಲೆ ಸಿಟ್ಟು ಬಂದು ಎದುರಿನವನ ಕಡೆ ತಿರುಗಿದ. "ಯಾಸೋನ್, ನೀನೂ ಎರಡು ಮಾತಾಡಪ್ಪ. ಬರೀ ಕೇಳಿಸ್ಕೊಳ್ಳೋದೇ ಉದ್ಯೋಗ ಆಗ್ಬಿಟ್ಟಿದೆ ನಿಂಗೆ."

ಯಾಸೋನ್ ಕಿವಿಯವರೆಗೂ ಕೆಂಪಾದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಲ್ಲ ಎಂದುಕೊಂಡ ಸೊಲೊಮನ್, ಒಳಗೊಳಗೇ ಕಹಿಯಾಗಿ.

ಮೊದಲ ಲೋಟ ಗೋಡೆಯ ಮೇಲಿನ ಮಹಾನಾಯಕನ ಪಟಕ್ಕೆ. ಅದು ತಪ್ಪುವಂತಿರಲಿಲ್ಲ, ಎದ್ದು ನಿಂತು, ಪಕ್ಕದ ಮೇಜುಗಳಿಗೂ ಕೇಳುವಂತೆ ಹೇಳಿ ಕುಡಿದರು. ಎರಡನೆಯದು ಸತ್ತವರಿಗೆ. ಮೂವರೂ ರೊಟ್ಟಿ ಮುರಿದರು, ತಮ್ಮ ತಮ್ಮ ತಂದೆತಾಯಿಯ ಹೆಸರು ಹೇಳಿ ಹನಿ ಬಿಟ್ಟರು. ಬಗ್ರಾತ್‌ನ ಪಟ್ಟಿ ಎಂದಿನಂತೆ ಉದ್ದ. ಸತ್ತವರ ಪಾಲು ತಪ್ಪಿಸಿದರೆ ಅವರು ಹಸಿದು ಬಾಗಿಲಲ್ಲಿ ನಿಲ್ಲುತ್ತಾರೆಂದು ಅವನ ಅಜ್ಜಿ ಹೇಳಿಕೊಟ್ಟಿದ್ದಳಂತೆ. ಅದರ ಬೆನ್ನಿಗೇ ಬಾಳಿಗೆ, ಮಕ್ಕಳಿಗೆ ಒಂದು ಲೋಟ. ಆಮೇಲೆ ಸೊಲೊಮನ್ ಗಂಟಲು ಸರಿಮಾಡಿಕೊಂಡು ಎದ್ದ.

"ದೂರ ಹೋದವರಿಗೆ. ದಾರಿ ಎಷ್ಟೇ ಇರ್ಲಿ, ತಿರುಗಿ ಬಂದು ಈ ಮೇಜಿಗೇ ಕೂರಲಿ."

ಯಾಸೋನ್ ಲೋಟ ಚಾಚಿದ. ಸೊಲೊಮನ್ ತಾಗಿಸಿದ. ಇಬ್ಬರೂ ಬಗ್ರಾತ್‌ನ ಕಡೆ ಲೋಟ ಹಿಡಿದು ನಿಂತರು.

ಬಗ್ರಾತ್‌ನ ಕಣ್ಣು ತುಂಬಿತ್ತು. ಅವನ ಎಡಗೈ ರೊಟ್ಟಿಯ ಚೂರು ಮುರಿಯಿತು, ಬಲಗೈ ಲೋಟ ಬಾಗಿಸಿತು. ಕೆಂಪು ಹನಿ ರೊಟ್ಟಿಯ ಮೇಲೆ ಬಿದ್ದು ಹರಡಿತು. "ದೇವರು ಕ್ಷಮಿಸಲಿ" ಎಂದ, ಮೆಲ್ಲಗೆ, ಮನಸಾರೆ.

ಲೋಟಗಳು ಗಾಳಿಯಲ್ಲೇ ನಿಂತಿದ್ದವು. ಆರ್ಚಿಲ್ ಸತ್ತಿದ್ದಾನೆಂದು ಅವನ ಹೆಂಡತಿಗೆ ಗೊತ್ತಿಲ್ಲ, ಊರಿಗೆ ಗೊತ್ತಿಲ್ಲ. ಗೊತ್ತಿರುವುದು ಆ ಕಟ್ಟಡದೊಳಗಿನವರಿಗೆ, ಮತ್ತೆ ಅವರ ಜೊತೆ ಕೂತು ಬಂದವನಿಗೆ. ಬಗ್ರಾತ್‌ನ ನಾಲಿಗೆ ಆರು ತಿಂಗಳು ಸುಳ್ಳು ಹೇಳಿತ್ತು, ಕೈಗೆ ಮಾತ್ರ ಸತ್ತ ಗೆಳೆಯನ ಪಾಲು ತಪ್ಪಿಸಲು ಆಗಲಿಲ್ಲ. ಅವನು ತನ್ನ ಕೈಯಲ್ಲಿದ್ದ ರೊಟ್ಟಿಯನ್ನು ನೋಡಿದ, ಮುಖ ಸುಣ್ಣದಂತಾಯಿತು.

"ಕೈತಪ್ಪು ಕಣ್ರೋ. ಜಾಸ್ತಿ ಆಯ್ತು ನಂಗೆ" ಎಂದು ನಗಲು ನೋಡಿದ.

ಯಾಸೋನ್ ಲೋಟ ಕೆಳಗಿಟ್ಟು ಟೋಪಿ ತೆಗೆದುಕೊಂಡ. "ನಂಗೆ ಹಸಿವಿಲ್ಲ" ಎಂದಷ್ಟೇ ಹೇಳಿ, ಹೊರಡುವಾಗ ಸೊಲೊಮನ್‌ನ ಹೆಗಲನ್ನು ಒಮ್ಮೆ ಅದುಮಿ ಹೋದ. ಇಂಥವನಿಗೆ ಆರು ತಿಂಗಳು ಮುಳ್ಳು ಚುಚ್ಚಿದೆನಲ್ಲ ಎಂದು ಸೊಲೊಮನ್‌ಗೆ ನಾಚಿಕೆಯಾಯಿತು. ಅದನ್ನು ಹೇಳಿಕೊಳ್ಳುವಷ್ಟರಲ್ಲಿ ಯಾಸೋನ್ ಮೆಟ್ಟಿಲು ಹತ್ತಿಬಿಟ್ಟಿದ್ದ.

ಬೀದಿಯಲ್ಲಿ ಬಗ್ರಾತ್ ಏದುಸಿರು ಬಿಡುತ್ತಾ ಬಂದು ಸೊಲೊಮನ್‌ನ ತೋಳು ಹಿಡಿದುಕೊಂಡ. ಬಿಸಿಲಿತ್ತು, ಜನ ಮಕ್ಕಳನ್ನು ಕರೆದುಕೊಂಡು ತಿರುಗಾಡುತ್ತಿದ್ದರು. ಮೂಲೆಯಲ್ಲಿ ಹೆಂಗಸೊಬ್ಬಳು ಹುರಿದ ಸೂರ್ಯಕಾಂತಿ ಬೀಜ ಮಾರುತ್ತಿದ್ದಳು.

"ಸೊಲೊಮನ್, ನೀನೇನೂ ನೋಡ್ಲಿಲ್ಲ ತಾನೇ?"

"ತಮಡ ನಾನು. ಎಲ್ಲರ ಲೋಟಾನೂ ನೋಡ್ಬೇಕು."

"ಇವತ್ತು ನುತ್ಸಾ ಮನೆಗೆ ಹೋಗ್ಬೇಡ ಕಣೋ. ನಿನ್ನ ಕಾಲಿಗೆ ಬೀಳ್ತೀನಿ." ಸುತ್ತ ಒಮ್ಮೆ ನೋಡಿಕೊಂಡ. "ನನ್ನ ಕೂರಿಸ್ಕೊಂಡು ಕೇಳ್ತಾರೆ. ಪ್ರತಿ ಸಲ ಕೇಳ್ತಾರೆ. ಯಾರು ಎಲ್ಲಿಗೆ ಹೋದ್ರು, ಯಾರ ಮನೇಲಿ ಯಾರಿದ್ರು ಅಂತ. ನೀನು ಹೋದ್ರೆ ನಾನು ಏನು ಹೇಳ್ಲಿ? ಸುಳ್ಳು ಹೇಳೋಕೆ ನಂಗೆ ಬರಲ್ಲ ಅಂತ ಅವರಿಗೂ ಗೊತ್ತಾಗ್ಬಿಟ್ಟಿದೆ."

"ಆರ್ಚಿಲ್ ಯಾವಾಗ ಹೋದ?"

ಬಗ್ರಾತ್ ಕಣ್ಣು ತಗ್ಗಿಸಿದ. ತೋಳನ್ನು ಮಾತ್ರ ಬಿಡಲಿಲ್ಲ. ಇಷ್ಟು ವರ್ಷ ಒಂದೇ ತಟ್ಟೆಗೆ ಕೈ ಹಾಕಿದ ಗೆಳೆಯ. ಅವನನ್ನು ಹೊಡೆಯಬೇಕೆನ್ನಿಸಿತು, ಅಪ್ಪಿಕೊಂಡು ಅಳಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡದೆ ಸೊಲೊಮನ್ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಗುಡ್ಡದ ಓಣಿಯ ಕಡೆ ನಡೆದ. ಹಿಂದೆ ಭಾರವಾದ ಹೆಜ್ಜೆಗಳು ಓಣಿಯ ಬಾಯಿಯವರೆಗೆ ಬಂದು ನಿಂತವು.

ನುತ್ಸಾಳ ಮನೆ ಮರದ ಮೊಗಸಾಲೆಗಳು ಸುತ್ತುವರಿದ ಅಂಗಳದಲ್ಲಿ. ಎದುರಿನ ಮೊಗಸಾಲೆಯಲ್ಲಿ ನೆರೆಯ ಹೆಂಗಸು ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಸೊಪ್ಪು ಇಲ್ಲದ ದಿನವೂ ಅಲ್ಲೇ ಕೂತಿರುತ್ತಿದ್ದಳು. ಒಳಗೆ ಮೇಜಿನ ಮೇಲೆ ನಾಳೆಯ ಗಂಟು ಸಿದ್ಧವಾಗಿತ್ತು: ಒಣರೊಟ್ಟಿ, ಈರುಳ್ಳಿ, ಸಕ್ಕರೆ, ನುತ್ಸಾ ಹೆಣೆದ ಬೂದುಬಣ್ಣದ ಉಣ್ಣೆಯ ಕಾಲುಚೀಲ.

"ಬಾ ಅಣ್ಣ. ಏನು ತಿಂದ್ರಿ ಇವತ್ತು?"

ಮೀನು, ಬದನೆಕಾಯಿ, ಬೀನ್ಸ್ ಕಾಳು ಎಂದು ಅವನು ಒಂದೊಂದೇ ಹೇಳಿದ. ಅರ್ಶಾಕನ ಜೋಕನ್ನೂ ಹೇಳಿದ. ದಾರಿಯುದ್ದಕ್ಕೂ ಸುಳ್ಳನ್ನು ಬಾಯಲ್ಲಿ ಕಟ್ಟಿಕೊಂಡು ಬಂದಿದ್ದ: ಇವತ್ತೊಂದು ದಿನ ನೆಮ್ಮದಿಯಾಗಿ ಮಲಗಲಿ, ಗಂಟನ್ನು ಹಿಂದಕ್ಕೆ ಕೊಟ್ಟಾಗ ತಾನಾಗಿಯೇ ತಿಳಿಯುತ್ತದೆ.

"ಯಾವ ಲೋಟದಲ್ಲಿ ಕುಡಿದ್ರಿ?"

"ದೂರ ಹೋದವರ ಲೋಟದಲ್ಲಿ" ಎಂದ, ಎದುರಿನ ಮೊಗಸಾಲೆಗೂ ಕೇಳುವಷ್ಟು ಜೋರಾಗಿ.

ಆಕೆ ಅವನ ಮುಖವನ್ನೇ ನೋಡಿದಳು. ಎರಡು ಲೋಟ ಇಟ್ಟು ವೈನ್ ಬಗ್ಗಿಸಿದಳು, ರೊಟ್ಟಿಯನ್ನು ಅವನ ಕೈಯ ಪಕ್ಕಕ್ಕೆ ಸರಿಸಿದಳು. "ಹಾಗಾದ್ರೆ ನಮ್ಮನೇಲೂ ಒಂದು ಲೋಟ ಎತ್ತು. ನೀನು ತಮಡ ಅಲ್ವಾ" ಎಂದು ತನ್ನ ಲೋಟ ಚಾಚಿದಳು.

ತಾಗಿಸಿಬಿಟ್ಟರೆ ಮುಗಿಯುತ್ತಿತ್ತು. ಸೊಲೊಮನ್ ಲೋಟ ಎತ್ತಿದ. ಬಾಯಿ ಒಪ್ಪಿತ್ತು, ಕೈ ಒಪ್ಪಲಿಲ್ಲ. ಆರ್ಚಿಲ್‌ನನ್ನು ಸತ್ತ ಮೇಲೂ ಹಸಿದು ನಿಲ್ಲಿಸುವುದು ಅವನಿಂದ ಆಗಲಿಲ್ಲ. ರೊಟ್ಟಿಯ ಮೇಲೆ ಹನಿ ಬಿತ್ತು.

ನುತ್ಸಾ ಅಳಲಿಲ್ಲ. ತಾನೂ ಒಂದು ಚೂರು ಮುರಿದಳು, ಹನಿ ಬಿಟ್ಟಳು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ ಗಟ್ಟಿಯಾಗಿ, "ಬೇಗ ಬರ್ಲಿ ನಮ್ಮೋರು, ಆರೋಗ್ಯವಾಗಿ ಬರ್ಲಿ!" ಎಂದು ಲೋಟ ಮುಗಿಸಿ ಕೂತಳು. ಎದುರಿನ ಹೆಂಗಸು ಸೊಪ್ಪು ಬಿಡಿಸುತ್ತಲೇ ಇದ್ದಳು.

"ಯಾಸೋನ್ ತಾನೇ?" ಎಂದಳು, ಪಿಸುಮಾತಿನಲ್ಲಿ.

"ಅಲ್ಲ."

ಉಳಿದ ಹೆಸರು ಒಂದೇ. ಅದನ್ನು ಅವಳು ಬಾಯಿಂದ ಹೇಳಲಿಲ್ಲ. "ನೀನು ಇಲ್ಲಿಗೆ ಬಂದಿದ್ದು ಅವನಿಗೆ ಗೊತ್ತಾ?"

"ಓಣಿ ಬಾಯಲ್ಲಿ ನಿಂತಿದಾನೆ."

ನುತ್ಸಾ ಎದ್ದು ಗಂಟು ಬಿಚ್ಚಿದಳು. ಒಣರೊಟ್ಟಿಯನ್ನೂ ಸಕ್ಕರೆಯನ್ನೂ ಪಕ್ಕಕ್ಕಿಟ್ಟು, ಕಾಲುಚೀಲಗಳನ್ನು ತೆಗೆದು ಸೊಲೊಮನ್‌ನ ತೊಡೆಯ ಮೇಲೆ ಇಟ್ಟಳು.

"ಹಾಕ್ಕೋ ಅಣ್ಣ. ಈಗ್ಲೇ ಹಾಕ್ಕೊಂಡು ಹೋಗು. ನಿಂಗೆ ಗಂಟು ಕಳಿಸೋಕೆ ಮನೇಲಿ ಯಾರೂ ಇಲ್ಲ."

ಸೊಲೊಮನ್ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ.